ಶಿಬಿರ ಮುಗಿದ ಮೇಲೂ ಊರು ಅಲ್ಲೇ ಇರುತ್ತದೆ

2020ರ ಲಾಕ್‌ಡೌನ್ ಕಾಲದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಸುಲಭವಾಗಿ ಸಿಕ್ಕಿದ್ದು ಇ-ಪ್ರಮಾಣಪತ್ರ. ಗೂಗಲ್ ಫಾರ್ಮ್‌ನಲ್ಲಿ ಹೆಸರು, ಕಾಲೇಜು, ಇಮೇಲ್ ತುಂಬಿ, ಜಲಸಂರಕ್ಷಣೆಯ ಬಗ್ಗೆಯೋ ಕೊರೊನಾ ಜಾಗೃತಿಯ ಬಗ್ಗೆಯೋ ಹತ್ತಾರು ಪ್ರಶ್ನೆಗಳಿಗೆ ಟಿಕ್ ಹಾಕಿದರೆ ಮುಗಿಯಿತು. ಬಂಗಾರದ ಅಂಚು, ಎರಡು ಸಹಿ, ಮೂರು ಲಾಂಛನ ಇರುವ ಪತ್ರ ಇನ್‌ಬಾಕ್ಸ್‌ಗೆ ಬಂದು ಬೀಳುತ್ತಿತ್ತು. ಅದನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿಕೊಂಡು ಮುಂದಿನ ಕ್ವಿಜ್‌ಗೆ ಹೋಗುವುದು. ಇದರಿಂದ ಯಾವ ಊರಿನ ಯಾವ ಕೆರೆಯೂ ತುಂಬಲಿಲ್ಲ. ಆದರೂ ಎಷ್ಟೋ ಕಡೆ ವಾರ್ಷಿಕ ವರದಿಯಲ್ಲಿ ಅದು ಸಮಾಜಸೇವೆಯ ಲೆಕ್ಕಕ್ಕೆ ಸೇರಿತು.

ಆನ್‌ಲೈನ್ ಸಮಾಜಸೇವೆ ಎಂದೊಡನೆ ಹಳೆಯ ಮೇಷ್ಟ್ರುಗಳು ಮುಖ ಸಿಂಡರಿಸುವುದು ಇದೇ ಕಾರಣಕ್ಕೆ. ಸೇವೆ ಎಂದರೆ ಹಾರೆ ಗುದ್ದಲಿ ಹಿಡಿದು ಊರಿಗೆ ಹೋಗುವುದು ಎನ್ನುವುದು ಅವರ ವಾದ. ಆ ವಾದಕ್ಕೂ ಒಂದು ಇತಿಹಾಸವಿದೆ. ಗಾಂಧೀಜಿ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ಅವರು ರಾಷ್ಟ್ರೀಯ ಸೇವಾ ಯೋಜನೆಗೆ (ಎನ್ಎಸ್ಎಸ್) ಚಾಲನೆ ಕೊಟ್ಟರು. ಮೊದಲಿಗೆ 37 ವಿಶ್ವವಿದ್ಯಾಲಯಗಳು, 40,000 ಸ್ವಯಂಸೇವಕರು. ವರ್ಷಕ್ಕೆ 120 ಗಂಟೆ ಸೇವೆ, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಐವತ್ತು ವರ್ಷ ದಾಟಿದರೂ ಈ ಚೌಕಟ್ಟು ಹೆಚ್ಚು ಬದಲಾಗಿಲ್ಲ.

ಎನ್ಎಸ್ಎಸ್ ಶಿಬಿರ ಹೇಗಿರುತ್ತದೆಂದು ಮಲೆನಾಡಿನ ಯಾವ ಹಳ್ಳಿಯವರನ್ನು ಕೇಳಿದರೂ ಹೇಳುತ್ತಾರೆ. ಸರ್ಕಾರಿ ಶಾಲೆಯಲ್ಲಿ ವಸತಿ, ಬೆಳಿಗ್ಗೆ ಧ್ವಜಾರೋಹಣ, ತಿಂಡಿಯಾದ ಮೇಲೆ ಶ್ರಮದಾನ. ದೇವಸ್ಥಾನದ ಆವರಣ ಕ್ಲೀನು, ಶಾಲೆಯ ಅಂಗಳ ಸಮತಟ್ಟು, ರಸ್ತೆ ಬದಿಯ ಜಿಗ್ಗು ಸವರುವುದು. ಮಧ್ಯಾಹ್ನ ಒಂದು ಉಪನ್ಯಾಸ, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ. ಸಮಾರೋಪದ ದಿನ ಹುಡುಗಿಯರು ಅಳುತ್ತಾರೆ, ಊರಿನ ಹೆಂಗಸರೂ ಕಣ್ಣೊರೆಸಿಕೊಳ್ಳುತ್ತಾರೆ. ಇದರಲ್ಲಿ ಸುಳ್ಳೇನೂ ಇಲ್ಲ. ಬೇರೆಯವರ ಮನೆಯ ಜಗಲಿಯಲ್ಲಿ ಕೂತು ಉಣ್ಣುವುದು ಹತ್ತೊಂಬತ್ತರ ಹುಡುಗನಿಗೆ ಕಲಿಸುವ ಪಾಠ ಯಾವ ಪರದೆಯಲ್ಲೂ ಸಿಗುವುದಿಲ್ಲ. ತೊಂದರೆ ಶುರುವಾಗುವುದು ಎಂಟನೆಯ ದಿನ. ಬಸ್ಸು ಹೊರಡುತ್ತದೆ, ಬ್ಯಾನರ್ ಇಳಿಯುತ್ತದೆ, ಮುಂದಿನ ವರ್ಷದ ಶಿಬಿರ ಬೇರೆ ಹಳ್ಳಿಗೆ ಹೋಗುತ್ತದೆ. ಏಳು ದಿನದಲ್ಲಿ ಬೆಳೆದ ಪರಿಚಯದ ಮೇಲೆ ಒಂದು ಕೆಲಸ ಕಟ್ಟಬಹುದಿತ್ತು. ಕಟ್ಟಲು ಯಾರೂ ಉಳಿದಿರುವುದಿಲ್ಲ.

ಉಳಿದ 358 ದಿನಗಳ ಕೆಲಸಕ್ಕೆ ಮೊಬೈಲ್ ಬೇಕು. ಶಿಬಿರದ ಬದಲಿಗಲ್ಲ, ಶಿಬಿರದ ನಂತರಕ್ಕೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಂಥ ತಾಲ್ಲೂಕುಗಳಲ್ಲಿ ಇದು ನಾಳೆಯೇ ಶುರುಮಾಡಬಹುದಾದ ಕೆಲಸ. ವಿಶ್ವವಿದ್ಯಾಲಯಗಳು ಕ್ವಿಜ್ ಮತ್ತು ಪ್ರತಿಜ್ಞಾವಿಧಿಯ ಚಟ ಬಿಡಬೇಕು, ಅಷ್ಟೆ.

ಸೇವೆಯನ್ನೂ ಓದನ್ನೂ ಒಂದೇ ಪಠ್ಯದೊಳಗೆ ತರುವ ಯೋಚನೆ ಹಳೆಯದು. 1960ರ ದಶಕದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ರಾಬರ್ಟ್ ಸಿಗ್ಮನ್ ಮತ್ತು ವಿಲಿಯಂ ರ‍್ಯಾಮ್ಸೆ ಅದಕ್ಕೊಂದು ರೂಪ ಕೊಟ್ಟರು. ಮೆಕ್ಸಿಕೊದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು 1936ರಿಂದಲೇ ಹಳ್ಳಿಗಳಲ್ಲಿ ಸಾಮಾಜಿಕ ಸೇವೆ ಮಾಡಬೇಕಿತ್ತು. ನಮ್ಮಲ್ಲೂ ಒಂದು ಗಟ್ಟಿ ಮಾದರಿ ಇದೆ, ಆದರೆ ಅದಕ್ಕೆ ದೊಡ್ಡ ಹೆಸರೇನೂ ಇಲ್ಲ: ಕೃಷಿ, ತೋಟಗಾರಿಕೆ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳ ಗ್ರಾಮೀಣ ಕೃಷಿ ಕಾರ್ಯಾನುಭವ. ಇವರು ವಾರಗಟ್ಟಲೆ ಹಳ್ಳಿಯಲ್ಲೇ ಇರುತ್ತಾರೆ. ಬಂದ ಹೊಸತರಲ್ಲಿ ದೇವಸ್ಥಾನದ ಮುಂದೆಯೋ ಶಾಲೆಯ ಅಂಗಳದಲ್ಲೋ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸುತ್ತಾರೆ. ಹಸಿರು ತೋಟಕ್ಕೆ, ನೀಲಿ ಹಳ್ಳಕ್ಕೆ, ಕೆಂಪು ರಸ್ತೆಗೆ. ಸುತ್ತ ನಿಂತ ಊರವರು ಸುಮ್ಮನಿರುವುದಿಲ್ಲ. ‘ಆ ಹಳ್ಳ ಅಲ್ಲಿ ಬರಲ್ಲ ಮಾರಾಯಾ, ನಮ್ಮ ತೋಟದ ಕೆಳಗೆ ಹೋಗ್ತದೆ’ ಎಂದು ಯಾರೋ ಬಗ್ಗಿ ಕೈಯಿಂದಲೇ ನೀಲಿ ಗೆರೆ ಅಳಿಸುತ್ತಾರೆ. ಹುಡುಗರು ಮತ್ತೆ ಬಿಡಿಸುತ್ತಾರೆ. ಪಾಠ ಆಗುವುದು ಆ ಅಳಿಸುವ ಹೊತ್ತಿನಲ್ಲಿ.

ಆನ್‌ಲೈನ್‌ನಲ್ಲಿ ಈ ಅಳಿಸುವ ಕೈಗೆ ಜಾಗ ಇದೆಯೇ? 2012ರಲ್ಲಿ ಅಮೆರಿಕದ ಮೂವರು ಸಂಶೋಧಕರು ಓದು, ಸೇವೆ ಎರಡೂ ಇರುವ ಆನ್‌ಲೈನ್ ಕೋರ್ಸ್‌ಗಳನ್ನು ವಿಂಗಡಿಸಿದರು. ಪಾಠ ಆನ್‌ಲೈನ್, ಸೇವೆ ನೇರ. ಪಾಠ ನೇರ, ಸೇವೆ ಆನ್‌ಲೈನ್. ಎರಡೂ ಸ್ವಲ್ಪ ಸ್ವಲ್ಪ. ಕೊನೆಗೆ ಎರಡೂ ಪೂರ್ತಿ ಆನ್‌ಲೈನ್. ಈ ಕೊನೆಯದನ್ನು ಅವರೇ ‘ತೀವ್ರ’ ಮಾದರಿ ಎಂದು ಕರೆದರು. ಮಲೆನಾಡಿಗೆ ಆ ತೀವ್ರ ಮಾದರಿ ಒಗ್ಗುವುದಿಲ್ಲ. ಯಾಕೆಂದು ತಿಳಿಯಲು ಒಂದು ಇ-ಕೆವೈಸಿ ಸಾಕು.

ಕೊಪ್ಪ ಮತ್ತು ನರಸಿಂಹರಾಜಪುರದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ, ಶೃಂಗೇರಿಯಲ್ಲಿ ಜೆಸಿಬಿಎಂ ಕಾಲೇಜಿದೆ. ಪದವಿ ಕೊಡುವುದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ. ಆದರೆ ಈ ತಾಲ್ಲೂಕುಗಳ ಬಹಳಷ್ಟು ಹುಡುಗ ಹುಡುಗಿಯರು ಓದುವುದು ಶಿವಮೊಗ್ಗ, ಉಜಿರೆ, ಮಂಗಳೂರು, ಬೆಂಗಳೂರಿನಲ್ಲಿ. ಮನೆಯಲ್ಲಿ ಉಳಿಯುವವರು ಅಪ್ಪ ಅಮ್ಮ, ಅಜ್ಜ ಅಜ್ಜಿ, ಒಂದಿಷ್ಟು ಅಡಿಕೆ ತೋಟ. ದಿನಕ್ಕೊಂದು ಸಲ ಬರುವ ವಿಡಿಯೊ ಕಾಲ್‌ನಲ್ಲಿ ಊಟ ತಿಂಡಿಯ ವಿಚಾರ ಮುಗಿದ ಮೇಲೆ ‘ಇದೊಂದು ಮೆಸೇಜ್ ಬಂದಿದೆ ನೋಡು’ ಎಂಬ ಮಾತು ಬರುತ್ತದೆ. ಪಿಎಂ ಕಿಸಾನ್ ಕಂತು ಯಾಕೆ ನಿಂತಿತು, ಪಹಣಿಗೆ ಆಧಾರ್ ಜೋಡಣೆ ಆಗಿದೆಯೇ, ಗೃಹಲಕ್ಷ್ಮಿ ಹಣ ಯಾವ ಖಾತೆಗೆ ಹೋಯಿತು, ಬೆಳೆ ವಿಮೆಯ ಕೊನೆಯ ದಿನ ಯಾವತ್ತು. ಬೆಂಗಳೂರಿನ ಪಿ.ಜಿ.ಯಲ್ಲಿ ಕೂತ ಮಗಳು ಅದನ್ನೆಲ್ಲ ಬಿಡಿಸಿ ಹೇಳುತ್ತಾಳೆ. ಆನ್‌ಲೈನ್ ಸಮಾಜಸೇವೆ ಮಲೆನಾಡಿನಲ್ಲಿ ಆಗಲೇ ನಡೆಯುತ್ತಿದೆ, ಆದರೆ ಒಂದೊಂದೇ ಮನೆಯೊಳಗೆ. ಮಕ್ಕಳಿಲ್ಲದ, ಅಥವಾ ಮಕ್ಕಳ ಫೋನು ಬಾರದ ಪಕ್ಕದ ಮನೆಯವರು ಪೇಟೆಗೆ ಹೋಗಿ ಸರದಿಯಲ್ಲಿ ನಿಲ್ಲುತ್ತಾರೆ.

ಈ ಮಗಳಿಗೆ ತನ್ನ ಊರಿನ ಹತ್ತು ಮನೆಗಳ ಜವಾಬ್ದಾರಿ ಕೊಟ್ಟು, ಅದನ್ನೇ ಸೇವೆಯ ಗಂಟೆಗಳೆಂದು ಲೆಕ್ಕ ಹಿಡಿದರೆ? ಊರಿನ ಮಾತು ಅವಳಿಗೆ ಬರುತ್ತದೆ, ಯಾರ ಮನೆಯ ಯಾವ ಮೂಲೆಯಲ್ಲಿ ನೆಟ್‌ವರ್ಕ್ ಸಿಗುತ್ತದೆಂದೂ ಗೊತ್ತು. ಬೆಂಗಳೂರಿನ ಕಾಲೇಜು ಅವಳನ್ನು ಕನಕಪುರದ ಕಡೆಯ ಗುರುತಿಲ್ಲದ ಹಳ್ಳಿಗೆ ಏಳು ದಿನ ಕಳಿಸುವುದಕ್ಕಿಂತ ಇದರಲ್ಲಿ ಹೆಚ್ಚು ಅರ್ಥವಿದೆ.

ಇ-ಕೆವೈಸಿಯ ಗಂಟು ಬರುವುದು ಇಲ್ಲಿ. ದೂರದಲ್ಲಿ ಕೂತ ವಿದ್ಯಾರ್ಥಿ ಪಕ್ಕದ ಮನೆಯ ಅಜ್ಜಿಯ ಅರ್ಜಿ ತುಂಬಬೇಕಾದರೆ ಅಜ್ಜಿ ತನ್ನ ಫೋನಿಗೆ ಬಂದ ಒಟಿಪಿ ಹೇಳಬೇಕು. ಅದೇ ವಿದ್ಯಾರ್ಥಿ ಸೈಬರ್ ವಂಚನೆಯ ಬಗ್ಗೆ ಅರಿವು ಮೂಡಿಸುವಾಗ ಹೇಳುವ ಮೊದಲ ಮಾತು, ‘ಅಜ್ಜೀ, ಯಾರಿಗೂ ಒಟಿಪಿ ಹೇಳಬೇಡಿ.’ ಅಜ್ಜಿಗೆ ಯಾವ ಮಾತು ನಂಬಬೇಕೆಂದು ತಿಳಿಯದೆ ಹೋದರೆ ತಪ್ಪು ಅಜ್ಜಿಯದಲ್ಲ. ಅವಳ ಹೆಬ್ಬೆಟ್ಟಿನ ಕಥೆ ಬೇರೆ. ವರ್ಷಗಟ್ಟಲೆ ಮೆಟ್ಟುಕತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿದ ಬೆರಳಿನಲ್ಲಿ ಗೆರೆಯೇ ಸವೆದಿರುತ್ತದೆ, ಚೊಗರು ಹಿಡಿದು ಕಪ್ಪಾಗಿರುತ್ತದೆ. ಯಂತ್ರ ಮತ್ತೆ ಮತ್ತೆ ಕೆಂಪು ದೀಪ ತೋರಿಸುತ್ತದೆ. ಆಗ ಕಣ್ಣಿನ ಪಾಪೆಯೋ ಮುಖವೋ ತೋರಿಸಿ ಗುರುತು ಹಿಡಿಸಬೇಕು, ಅದಕ್ಕೆ ಅಜ್ಜಿಯ ಪಕ್ಕದಲ್ಲೇ ಒಬ್ಬರು ನಿಂತಿರಬೇಕು. ಆದ್ದರಿಂದ ನಿಯಮ ಖಡಕ್ಕಾಗಿರಲಿ: ವಿದ್ಯಾರ್ಥಿ ಯಾರ ಒಟಿಪಿಯನ್ನೂ ಕೇಳಕೂಡದು, ಯಾರ ಆಧಾರ್ ಫೋಟೊವನ್ನೂ ಫೋನಿನಲ್ಲಿ ಇಟ್ಟುಕೊಳ್ಳಕೂಡದು. ಯಾವ ಕಾಗದ ಬೇಕು, ಎಲ್ಲಿಗೆ ಹೋಗಬೇಕು, ಎಷ್ಟು ಶುಲ್ಕ, ತಿರಸ್ಕಾರವಾದರೆ ಯಾರನ್ನು ಕೇಳಬೇಕು, ಇಷ್ಟನ್ನು ದೂರದಿಂದ ಸ್ಪಷ್ಟವಾಗಿ ಹೇಳಿದರೂ ಪೇಟೆಗೆ ಎರಡು ಸಲ ಓಡಾಡುವುದು ತಪ್ಪುತ್ತದೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿಸುವುದೂ ಇದರಲ್ಲಿ ಸೇರಲಿ.

ಕಾಗದಪತ್ರದ ಮಾತು ಬಂದಾಗ 2024ರ ಜುಲೈ 31ರ ಕರಡು ಅಧಿಸೂಚನೆಯನ್ನು ನೆನೆಯಬೇಕು. ಕಸ್ತೂರಿರಂಗನ್ ವರದಿಯ ಆಧಾರದ ಮೇಲೆ ಪಶ್ಚಿಮಘಟ್ಟದ ಆರು ರಾಜ್ಯಗಳ 56 ಸಾವಿರಕ್ಕೂ ಹೆಚ್ಚು ಚದರ ಕಿಲೋಮೀಟರ್ ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ಘೋಷಿಸುವ ಆರನೆಯ ಕರಡು ಅದು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಳ್ಳಿಗಳೂ ಪಟ್ಟಿಯಲ್ಲಿದ್ದವು. ಆಕ್ಷೇಪಣೆಗೆ 60 ದಿನ. ಕರಡು ಇದ್ದದ್ದು ಹಿಂದಿ, ಇಂಗ್ಲಿಷ್‌ನಲ್ಲಿ. ಹಳ್ಳಿಗಳ ಹೆಸರೋ, ಇಂಗ್ಲಿಷ್ ಕಾಗುಣಿತದಲ್ಲಿ ಗುರುತೇ ಸಿಗದಂತೆ. ಇತ್ತ ಊರಿನಲ್ಲಿ ಹರಡಿದ ಮಾತು: ಮನೆ ರಿಪೇರಿ ಮಾಡಿಸುವ ಹಾಗಿಲ್ಲ, ತೋಟಕ್ಕೆ ಔಷಧಿ ಹೊಡೆಯುವ ಹಾಗಿಲ್ಲ, ಎಲ್ಲರನ್ನೂ ಎಬ್ಬಿಸುತ್ತಾರೆ. ಕರಡು ನಿಷೇಧಿಸಿದ್ದು ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ ಹೊಸ ಕೈಗಾರಿಕೆ, 20,000 ಚದರ ಮೀಟರ್‌ಗೂ ಮೇಲ್ಪಟ್ಟ ಕಟ್ಟಡ ಯೋಜನೆಗಳನ್ನು. ಇರುವ ಮನೆಯ ದುರಸ್ತಿ, ವಿಸ್ತರಣೆಗೆ ಅಡ್ಡಿಯಿಲ್ಲ ಎಂದೂ ಅದರಲ್ಲೇ ಇತ್ತು. ಸೆಪ್ಟೆಂಬರ್ 26ರಂದು ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು. ಕರಡನ್ನು ಒಪ್ಪಬೇಕೋ ಬೇಡವೋ ಎಂಬುದು ಊರಿಗೆ ಬಿಟ್ಟದ್ದು. ಆದರೆ ಏನು ಬರೆದಿದೆ ಎಂದು ತಿಳಿಯದೆ ಒಪ್ಪುವುದೂ ಕಷ್ಟ, ವಿರೋಧಿಸುವುದೂ ಕಷ್ಟ. ಆ ಅರುವತ್ತು ದಿನಗಳಲ್ಲಿ ರಾಜ್ಯಶಾಸ್ತ್ರ, ಭೂಗೋಳ, ಕಾನೂನು ಓದುವ ನಾಲ್ಕೈದು ವಿದ್ಯಾರ್ಥಿಗಳು ಕೂತು ಕರಡನ್ನು ಎರಡು ಪುಟದ ಕನ್ನಡಕ್ಕೆ ಇಳಿಸಿ, ತಾಲ್ಲೂಕಿನ ಹಳ್ಳಿಗಳ ಹೆಸರು ಸರಿಪಡಿಸಿ, ಐದು ನಿಮಿಷದ ವಾಯ್ಸ್ ಮೆಸೇಜ್ ಆಗಿ ಪಂಚಾಯಿತಿ ಗುಂಪುಗಳಿಗೆ ಹಾಕಿದ್ದರೆ ಅದು ಅವರ ಮೂರು ವರ್ಷದ ಓದಿನಲ್ಲೇ ಅತಿ ದೊಡ್ಡ ಪರೀಕ್ಷೆಯಾಗುತ್ತಿತ್ತು. ತಪ್ಪು ಬರೆದರೆ ಊರೇ ತಿದ್ದುತ್ತಿತ್ತು.

ತೋಟದ ಕೆಲಸ ಇನ್ನೊಂದು ಬಗೆಯದು. ಹಳದಿ ಎಲೆ ರೋಗ ಈ ಮೂರೂ ತಾಲ್ಲೂಕುಗಳ ಅಡಿಕೆಯನ್ನು ದಶಕಗಳಿಂದ ತಿನ್ನುತ್ತಿದೆ. ಫೈಟೊಪ್ಲಾಸ್ಮಾದಿಂದ ಬರುವ ಈ ರೋಗಕ್ಕೆ ಈವರೆಗೆ ಔಷಧಿಯಿಲ್ಲ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ, ಅದು ಶಿಲೀಂಧ್ರದ್ದು. ಎರಡರ ಉಪಚಾರ ಬೇರೆ ಬೇರೆ, ಆದರೆ ಎಲೆ ಹಳದಿಯಾದದ್ದು ಕಂಡ ಕೂಡಲೇ ಅಂಗಡಿಯವರು ಕೊಟ್ಟ ಔಷಧಿ ಹೊಡೆಯುವವರೇ ಹೆಚ್ಚು. ಪ್ರತಿ ತೋಟದಲ್ಲೂ ಹದಿನೈದು ದಿನಕ್ಕೊಮ್ಮೆ ಅದೇ ಮರದ ಫೋಟೊ ತೆಗೆದು, ದಿನಾಂಕ ಸಹಿತ ಒಂದು ಕಡೆ ಸೇರಿಸಿದರೆ ರೋಗ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿದೆ ಎಂಬ ಚಿತ್ರ ಸಿಗುತ್ತದೆ. ಫೋಟೊ ತೆಗೆಯುವವರು ರೈತರು, ಜೋಡಿಸುವವರು ವಿದ್ಯಾರ್ಥಿಗಳು, ನೋಡಿ ಹೇಳಬೇಕಾದವರು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ, ವಿಟ್ಲದ ತೋಟದ ಬೆಳೆಗಳ ಸಂಶೋಧನಾ ಕೇಂದ್ರದ (ಸಿಪಿಸಿಆರ್‌ಐ) ವಿಜ್ಞಾನಿಗಳು. ಮೂವರಲ್ಲಿ ಒಬ್ಬರು ಕೈಕೊಟ್ಟರೂ ಅದು ಬರೀ ಫೋಟೊ ಆಲ್ಬಮ್.

ಮಂಗನ ಕಾಯಿಲೆಯ ವಿಷಯದಲ್ಲಿ ಮಾತ್ರ ವಿದ್ಯಾರ್ಥಿಗಳು ಮಿತಿ ಅರಿತಿರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ 2024ರಲ್ಲಿ ಈ ಮೂರು ತಾಲ್ಲೂಕುಗಳಿರುವ ಚಿಕ್ಕಮಗಳೂರು ಜಿಲ್ಲೆಯನ್ನೂ ಕಾಡಿತು. ಹಳೆಯ ಲಸಿಕೆ 2022ರಲ್ಲಿ ನಿಂತಿದೆ. ಡಿಸೆಂಬರ್‌ನಿಂದ ಮೇವರೆಗೆ ದರಗಿಗೆ, ಸೌದೆಗೆ ಕಾಡಿಗೆ ಹೋಗುವವರು ಉಣುಗು ಕಚ್ಚದಂತೆ ಡೆಪಾ ತೈಲ ಹಚ್ಚಿಕೊಳ್ಳಬೇಕು, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಇದನ್ನು ಊರಿನ ಮಾತಿನಲ್ಲಿ ಧ್ವನಿಮುದ್ರಿಸಿ ಹಂಚುವುದು ಸರಿ. ಸತ್ತ ಮಂಗದ ಫೋಟೊ ತೆಗೆಯಲು ಹುಡುಗರನ್ನು ಕಾಡಿಗೆ ಅಟ್ಟುವುದು ಸರಿಯಲ್ಲ.

ಪೂರ್ತಿ ಆನ್‌ಲೈನ್‌ನಲ್ಲೇ ಆಗುವ, ಆನ್‌ಲೈನ್‌ನಲ್ಲೇ ಚೆನ್ನಾಗಿ ಆಗುವ ಕೆಲಸಗಳೂ ಇಲ್ಲದಿಲ್ಲ. ಮಲೆನಾಡಿನ ಹಳೆಯ ಮನೆಗಳ ಅಟ್ಟದಲ್ಲಿ ತಾಳೆಗರಿ ಕಟ್ಟುಗಳಿವೆ, ಅವುಗಳಲ್ಲಿ ಎಷ್ಟೋ ತಿಗಳಾರಿ ಲಿಪಿಯವು. ಮನೆಯವರಿಗೆ ಓದಲು ಬಾರದು, ಎಸೆಯಲು ಮನಸ್ಸಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಯೂನಿಕೋಡ್ 16ನೇ ಆವೃತ್ತಿಯಲ್ಲಿ ತುಳು-ತಿಗಳಾರಿಗೆ ಜಾಗ ಸಿಕ್ಕಿದೆ. ಶೃಂಗೇರಿಯಲ್ಲೇ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಕ್ಯಾಂಪಸ್ ಇದೆ. ಕೊಪ್ಪದ ಬಿ.ಎ. ವಿದ್ಯಾರ್ಥಿ ಮನೆಯವರ ಒಪ್ಪಿಗೆ ಪಡೆದು ಗರಿಗಳ ಫೋಟೊ ತೆಗೆದರೆ, ಲಿಪಿ ಕಲಿತವನು ಎಲ್ಲೇ ಕೂತು ಅಕ್ಷರಕ್ಕಿಳಿಸಬಹುದು. ಮಳೆಯಿಂದ ರಸ್ತೆ ಕಡಿದರೂ ಈ ಕೆಲಸ ನಿಲ್ಲದು.

2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲೂ ಇಂಥ ಪ್ರಯೋಗ ನಡೆದಿದೆ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತರಗತಿಯ ಭಾಗವಾಗಿಯೇ ಕನ್ನಡದಲ್ಲಿ ಲೇಖನ ಸೇರಿಸಿದ್ದಾರೆ. ಆದರೆ ಇದರ ಜೊತೆಗೇ 2011ರ ಪುಣೆಯ ಕಥೆಯನ್ನೂ ಹೇಳಬೇಕು. ಅಲ್ಲಿನ ಕಾಲೇಜುಗಳಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆಯುವುದನ್ನು ಪಠ್ಯಕ್ಕೆ ಜೋಡಿಸಿದರು. ಅಂಕಕ್ಕಾಗಿ ಬರೆದ ಹುಡುಗರು ಪುಸ್ತಕದಿಂದ, ಜಾಲತಾಣಗಳಿಂದ ಹಾಗೇ ನಕಲು ಇಳಿಸಿದರು. ಅದನ್ನು ಹುಡುಕಿ ಅಳಿಸುವುದರಲ್ಲೇ ಹಳೆಯ ಸಂಪಾದಕರು ಸುಸ್ತಾದರು. ಆ ವರ್ಷವೇ ಯೋಜನೆ ಮುಚ್ಚಿತು. ಸೇವೆ ಮಾಡಲು ಬಂದವರ ಸೇವೆಯನ್ನು ಊರೇ ಮಾಡಬೇಕಾದ ಪರಿಸ್ಥಿತಿ ಅದು. ಈಗ ಎಐ ಬಂದ ಮೇಲೆ ನಕಲು ಮಾಡುವ ಶ್ರಮವೂ ಉಳಿದಿಲ್ಲ.

ಇದಕ್ಕೆ ಎದುರಾಗಿ 2011ರಲ್ಲೇ ಬೆಂಗಳೂರಿನಲ್ಲಿ ಶುರುವಾದ ಇ-ವಿದ್ಯಾಲೋಕ ಬಾಳಿತು. ದೇಶವಿದೇಶದ ಸ್ವಯಂಸೇವಕರು ವಿಡಿಯೊ ಮೂಲಕ ಹಳ್ಳಿಯ ಸರ್ಕಾರಿ ಶಾಲೆಯ ಮಕ್ಕಳಿಗೆ ಅವರದೇ ಭಾಷೆಯಲ್ಲಿ ಪಾಠ ಮಾಡುತ್ತಾರೆ. ಅದರ ಗುಟ್ಟು ಪರದೆಯಲ್ಲಿಲ್ಲ. ತರಗತಿಯಲ್ಲಿ ಆ ಊರಿನವರೇ ಒಬ್ಬರು ಸಹಾಯಕರಾಗಿ ನಿಂತಿರುತ್ತಾರೆ. ಕಂಪ್ಯೂಟರ್ ಹಚ್ಚುವುದು, ಗಲಾಟೆ ಹುಡುಗನನ್ನು ಗದರುವುದು, ಅರ್ಥವಾಗದೆ ತಲೆಯಾಡಿಸುವವಳನ್ನು ಗುರುತಿಸುವುದು ಅವರ ಕೆಲಸ.

ನೆಟ್‌ವರ್ಕ್ ಇಲ್ಲದ ಕಡೆ ಆನ್‌ಲೈನ್ ಮಾತೇಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಬಳಿಯ ಬಳ್ಳಕದಲ್ಲಿ, ಸುರಿವ ಮಳೆಯಲ್ಲಿ ರಸ್ತೆ ಬದಿ ಕೂತು ಪಾಠ ಕೇಳುವ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೆಲ್ಲ ನೋಡಿತು. ಘಟ್ಟದ ಮೇಲೆಯೂ ಅಂಥ ಗುಡ್ಡದ ನೆತ್ತಿಗಳು ಆಗ ತರಗತಿಗಳಾಗಿದ್ದವು. ಮರುವರ್ಷ ಕೇಂದ್ರ ಸಂಪುಟ ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ತಲುಪಿಸಲು 26,316 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಟವರ್ ಬಂದರೂ ಮಳೆಗಾಲದಲ್ಲಿ ಕರೆಂಟ್ ಹೋಗಿ ಬ್ಯಾಟರಿ ಇಳಿದ ಮೇಲೆ ಅದು ಕಬ್ಬಿಣದ ಕಂಬ ಮಾತ್ರ. ಆದ್ದರಿಂದ ವಿಡಿಯೊ ಮೀಟಿಂಗ್ ನೆಚ್ಚಿಕೊಂಡ ಕೋರ್ಸ್ ಇಲ್ಲಿ ಜೂನ್‌ನಲ್ಲೇ ಮುಳುಗುತ್ತದೆ. ಧ್ವನಿ ಸಂದೇಶ, ಫೋಟೊ, ನೆಟ್‌ವರ್ಕ್ ಸಿಕ್ಕಾಗ ಹೋಗುವ ಸಣ್ಣ ಫೈಲು, ಇವಿಷ್ಟರ ಮೇಲೆ ನಡೆಯುವ ಕೋರ್ಸ್ ತೇಲುತ್ತದೆ.

ಇನ್ನು ಕ್ರೆಡಿಟ್ ವಿಚಾರ. ಯುಜಿಸಿ 2022ರ ಮಾರ್ಗಸೂಚಿಯಲ್ಲಿ ಸಮುದಾಯದ ಒಡನಾಟಕ್ಕೆ ಎರಡು ಕ್ರೆಡಿಟ್‌ಗಳ ಕೋರ್ಸ್ ಸೂಚಿಸಿದೆ. ಕರ್ನಾಟಕ 2021ರಲ್ಲಿ ಹೊಸ ಶಿಕ್ಷಣ ನೀತಿಯನ್ನು ಅಪ್ಪಿ, 2024ರಲ್ಲಿ ಬಿಟ್ಟು, ಪದವಿಯನ್ನು ಮತ್ತೆ ಮೂರು ವರ್ಷಕ್ಕೆ ತಂದಿತು. ನೀತಿ ಬದಲಾದಾಗೆಲ್ಲ ಮೊದಲು ಕತ್ತರಿ ಬೀಳುವುದು ಇಂಥ ಕೋರ್ಸ್‌ಗಳಿಗೆ. ಕುವೆಂಪು ವಿಶ್ವವಿದ್ಯಾಲಯ ಇದಕ್ಕಾಗಿ ಇನ್ನೊಂದು ನೀತಿ ಬರಲೆಂದು ಕಾಯಬೇಕಿಲ್ಲ. ಎನ್ಎಸ್ಎಸ್‌ನ 120 ಗಂಟೆಗಳು ಆಗಲೇ ಇವೆ. ಅದರಲ್ಲಿ ಅರ್ಧವನ್ನು ಶಿಬಿರ ನಡೆದ ಊರಿನೊಂದಿಗೇ ದೂರದಿಂದ ಮುಂದುವರಿಸಿ ಎಂದು ಹೇಳಿದರೂ ಸಾಕು. ಅದೇ ಊರಿಗೆ ಸತತ ಮೂರು ವರ್ಷ ಶಿಬಿರ ಹೋಗಲಿ.

ಗಂಟೆಗಳಿಗೆ ಸಹಿ ಹಾಕುವವರು ಯಾರು? ಕಾಲೇಜಿನ ಅಧಿಕಾರಿಯೇ ಹಾಕಿದರೆ ಮತ್ತೆ ಕ್ವಿಜ್‌ನ ದಾರಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಹಲವು ಕಡೆ ಕಂಪ್ಯೂಟರ್, ಟಿವಿ, ಇಂಟರ್ನೆಟ್ ಬಂದಿದೆ, ಗ್ರಾಮ ಡಿಜಿ ವಿಕಸನ ಕಾರ್ಯಕ್ರಮ ನಡೆಯುತ್ತಿದೆ. ಅಜ್ಜಿಯ ಪಕ್ಕದಲ್ಲಿ ನಿಲ್ಲಬೇಕಾದ ಆ ಒಬ್ಬರು ಇಲ್ಲಿನ ಮೇಲ್ವಿಚಾರಕರೇ ಆಗಬಹುದು. ಏನು ಕೆಲಸ ಬೇಕೆಂದು ಊರಿನಿಂದ ಕೇಳಿ ಪಟ್ಟಿ ಮಾಡುವುದು, ಆದ ಕೆಲಸಕ್ಕೆ ಸಹಿ ಹಾಕುವುದು, ಆಗದ್ದನ್ನು ಆಗಿಲ್ಲ ಎಂದು ಬರೆಯುವುದು. ಆದರೆ ಮೇಲ್ವಿಚಾರಕರ ತಲೆಯ ಮೇಲೆ ಆಗಲೇ ಇರುವ ಸರ್ವೆ, ಅಭಿಯಾನ, ವರದಿಗಳ ಜೊತೆಗೆ ಇನ್ನೊಂದನ್ನು ಬಿಟ್ಟಿಯಾಗಿ ಹೊರಿಸುವುದು ಅನ್ಯಾಯ. ವಿದ್ಯಾರ್ಥಿಗಳ ಸೇವೆಯ ಹೆಸರಿನಲ್ಲಿ ಅತಿ ಕಡಿಮೆ ಸಂಬಳದವರಿಂದ ಹೆಚ್ಚು ಸೇವೆ ಮಾಡಿಸಿಕೊಂಡಂತಾಗುತ್ತದೆ. ವಿಶ್ವವಿದ್ಯಾಲಯದ ಬಜೆಟ್‌ನಲ್ಲಿ ಅವರಿಗೊಂದು ಮಾಸಿಕ ಗೌರವಧನ, ವಿದ್ಯಾರ್ಥಿಗೆ ಡೇಟಾ ರೀಚಾರ್ಜ್‌ನ ಖರ್ಚು, ಇವೆರಡು ಬಾಬತ್ತು ಸೇರಿದರೆ ಮೂರು ತಾಲ್ಲೂಕುಗಳಿಂದ ಒಂದೊಂದು ಪಂಚಾಯಿತಿ ಆರಿಸಿಕೊಂಡು ಮುಂದಿನ ಅಡಿಕೆ ಕೊಯ್ಲಿಗೆ ಮೊದಲೇ ಕೆಲಸ ಶುರುಮಾಡಬಹುದು.